ಒಂದು ಪೆಟ್ಟು ಹೆಚ್ಚು

ಅಥವಾ ತಪ್ಪು ತನ್ನದಲ್ಲದೆಯೂ ಇರಬಹುದೇ? ನಲವತ್ತೈದು ವರ್ಷಗಳ ಹಿಂದಿನ ಮೂರು ನಿಮಿಷ, ಅದರೊಳಗೆ ಒಂದೇ ಒಂದು ಪೆಟ್ಟು. ಅಷ್ಟು ಸಣ್ಣದನ್ನು ಇಷ್ಟು ಕಾಲ ಸರಿಯಾಗಿ ನೆನಪಿಟ್ಟುಕೊಳ್ಳುವುದು ಮನುಷ್ಯನಿಂದ ಆಗುವ ಕೆಲಸವೇ? ಪಿಟೀಲೇ ಮೊದಲು ತಡವರಿಸಿರಬಹುದು, ಬ್ಯಾಂಜೋ ಅದಕ್ಕಾಗಿ ಕಾದಿರಬಹುದು. ಹೋಬರ್ಟ್ ವಾಸ್ ಸೂಜಿಯನ್ನು ಎತ್ತಿ ರೆಕಾರ್ಡಿನ ಅದೇ ಗೆರೆಯ ಮೇಲೆ ಮತ್ತೆ ಇಟ್ಟ.

ಮೊದಲು ಬಾಣಲೆಯಲ್ಲಿ ಹಂದಿಮಾಂಸ ಹುರಿದಂಥ ಚರಚರ. ಅದರ ಹಿಂದಿನಿಂದ, ಪಕ್ಕದ ಕಣಿವೆಯಿಂದ ಕೇಳಿಬಂದ ಹಾಗೆ, ಭಾವ ಆನ್ಸೆಲ್ ಬೋಲ್ಟನ ಪಿಟೀಲು. ಅದರ ಮಗ್ಗುಲಲ್ಲೇ ತನ್ನ ಬ್ಯಾಂಜೋ. ಕೆಳದನಿಯಲ್ಲಿ, ಮೇಳದ ಮೂರನೆಯವನಾದ ವೈಲಿಯ ಗಿಟಾರು. ವೈಲಿ ಮಣ್ಣಾಗಿ ಹನ್ನೊಂದು ವರ್ಷವಾಯಿತು. ಮೊದಲ ಭಾಗ ಎರಡು ಸಲ ನೆಟ್ಟಗೆ ಹೋಯಿತು. ಎರಡನೆಯ ಭಾಗ ಕೊನೆಗೆ ಬಂದು, ಇಳಿದು ನಿಲ್ಲಬೇಕಾದ ಕಡೆ ನಿಲ್ಲದೆ ಒಂದು ಪೆಟ್ಟು ಹೆಚ್ಚಾಯಿತು. ಹೆಬ್ಬೆರಳಿನಿಂದ ಗಿಡ್ಡ ತಂತಿಯನ್ನು ಎಳೆದ ಪೆಟ್ಟು. ಆ ತಂತಿ ಇರುವುದು ಬ್ಯಾಂಜೋಗೆ ಮಾತ್ರ. ಅನುಮಾನಕ್ಕೆ ಜಾಗ ಉಳಿಯಲಿಲ್ಲ.

"ಒಂಬತ್ತು ಸಲ ಆಯ್ತು," ಅಡುಗೆಮನೆಯಿಂದ ಹೆಂಡತಿ ಲೂರಾ ಕೂಗಿ ಹೇಳಿದಳು. ಒಣಹಾಕುವುದಕ್ಕೆ ಸೇಬು ಹೆಚ್ಚುತ್ತಿದ್ದಳು. "ಹತ್ತನೇ ಸಲಕ್ಕೆ ಅದೇನು ಬೇರೆ ರಾಗ ಹಾಡತ್ತಾ?"

"ಸುಮ್ನೆ ಕೇಳ್ತಿದ್ದೀನಿ ಕಣೇ."

"ಕೇಳಿ, ಕೇಳಿ. ಆ ಬ್ಯಾಂಜೋನ ನಲವತ್ತೈದು ವರ್ಷ ಅಟ್ಟದ ಮೇಲೆ ಇಲಿಗಳಿಗೆ ಬಿಟ್ಟು, ಈಗ ರೆಕಾರ್ಡಿನ ಮುಂದೆ ಹೆಣ ಕಾಯೋರ ಥರ ಕೂತಿದ್ದೀರಿ."

ರೆಕಾರ್ಡು ನ್ಯೂಯಾರ್ಕಿನಿಂದ ಅಂಚೆಯಲ್ಲಿ ಬಂದು ಎರಡು ವಾರವಾಗಿತ್ತು. ಕೆಸ್ಲರ್ ಎಂಬ ಯುವಕನೊಬ್ಬ, ಹಳೆಯ ಕಾಲದ ತಂತಿವಾದ್ಯಗಳ ಮೇಳಗಳ ರೆಕಾರ್ಡುಗಳನ್ನು ಊರೂರು ಅಲೆದು, ಮುದುಕಿಯರ ಮಂಚದ ಕೆಳಗಿಂದ, ಕೋಳಿಗೂಡಿನ ಮಾಡಿನಿಂದ ಹುಡುಕಿ ತೆಗೆದು, ಸಾಬೂನು ನೀರಿನಲ್ಲಿ ತೊಳೆದು, ಹದಿನಾಲ್ಕನ್ನು ಒಂದೇ ದೊಡ್ಡ ರೆಕಾರ್ಡಿನ ಮೇಲೆ ಮತ್ತೆ ಹೊರಡಿಸಿದ್ದ. ಎರಡನೆಯ ಮಗ್ಗುಲಿನಲ್ಲಿ ಮೂರನೆಯದು ಇವರದು. ರೆಕಾರ್ಡಿನ ಲಕೋಟೆಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಹೀಗಿತ್ತು: 'ಕುಂಟ ಹೇಸರಗತ್ತೆ. ಪ್ರತಿ ಸುತ್ತಿನ ಕೊನೆಗೂ ಬರುವ ಆ ಹೆಚ್ಚುವರಿ ಪೆಟ್ಟನ್ನು ಗಮನಿಸಿ. ಹೊರಗಿನವರ ಕಿವಿಗೆ ಬೀಳುವ ಮುಂಚಿನ ಈ ಬೆಟ್ಟಗಳ ನಡಿಗೆ ಇದರಲ್ಲಿ ಉಳಿದುಕೊಂಡಿದೆ.'

ಹೋಬರ್ಟ್ ಅದನ್ನು ಎಷ್ಟು ಸಲ ಓದಿದ್ದನೆಂದರೆ ಕನ್ನಡಕ ಬೇಕಿರಲಿಲ್ಲ. ಬೆಟ್ಟಗಳ ನಡಿಗೆಯಂತೆ. ಅದು ಒಂದು ದಿಂಬಿನ ಕೆಲಸ.

ಸಾವಿರದ ಒಂಬೈನೂರ ಇಪ್ಪತ್ತೆಂಟರ ಬೇಸಗೆ, ರೋನೋಕ್ ಪಟ್ಟಣದ ಒಂದು ಪೀಠೋಪಕರಣದ ಮಳಿಗೆಯ ಮೇಲಂತಸ್ತು. ಕಿಟಕಿಗಳಿಗೆಲ್ಲ ಕೌದಿ ಹೊದಿಸಿದ್ದರು, ಒಳಗೆ ಒಲೆಯ ಹಾಗೆ ಕಾವು. ಹೋಬರ್ಟನಿಗೆ ಕಾಲಿನಿಂದ ನೆಲ ಗುದ್ದದೆ ಬಾರಿಸುವುದು ಗೊತ್ತಿರಲಿಲ್ಲ. ಈ ಬೆಟ್ಟದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಲ್ಲಿ ಕೈ ಬಾರಿಸುತ್ತದೆ, ಕಾಲು ಲೆಕ್ಕ ಇಡುತ್ತದೆ. ರೆಕಾರ್ಡು ಕಂಪನಿಯ ಮನುಷ್ಯ ಬಂದು, ಗುದ್ದುವ ಸದ್ದೂ ಧ್ವನಿ ಕೊರೆಯುವ ಮೇಣದ ತಟ್ಟೆಯ ಮೇಲೆ ಕೂರುತ್ತದೆ ಎಂದು ಹೇಳಿ ಅವನ ಬೂಟಿನ ಕೆಳಗೆ ದಿಂಬು ಇಟ್ಟ. ಮೊದಲ ಮೇಣ ವೈಲಿ ಕೆಮ್ಮಿದ್ದರಿಂದ ಹಾಳಾಯಿತು. ಇನ್ನು ಒಂದೇ, ಮೂರನೆಯದು ಕೊಡುವುದಿಲ್ಲ ಎಂದರು. ಕೆಂಪು ದೀಪ ಹೊತ್ತಿತು. ಎರಡನೆಯ ಭಾಗದ ಕೊನೆಯಲ್ಲಿ ಹೋಬರ್ಟ್ ತನ್ನ ಕಾಲಿಗಾಗಿ ಕಿವಿಗೊಟ್ಟ. ಕಾಲು ಕೇಳಿಸಲಿಲ್ಲ. ಬಾವಿಯಲ್ಲಿ ಕೊಡ ಬಿಟ್ಟು ನೀರಿನ ಸದ್ದಿಗೆ ಕಾದಂತೆ ಅವನು ಒಂದು ಕ್ಷಣ ಕಾದ, ಹೆಬ್ಬೆರಳು ಸುಮ್ಮನೆ ಇನ್ನೊಂದು ಸಲ ತಂತಿ ಎಳೆಯಿತು. ಆನ್ಸೆಲ್ ಕಮಾನನ್ನು ಆ ಒಂದು ಪೆಟ್ಟಿನಷ್ಟು ಉದ್ದ ಎಳೆದು ಕೈಹಿಡಿದ. ಮುಂದಿನ ಸುತ್ತಿನಲ್ಲಿ ಹೋಬರ್ಟ್ ಸರಿಯಾಗಿ ಬರುವವನಿದ್ದ. ಆದರೆ ಆನ್ಸೆಲ್ ಅಲ್ಲಿಯೂ ಉದ್ದ ಎಳೆದ. ಕೊನೆಯತನಕ ಹಾಗೇ ಎಳೆದ.

ದೀಪ ಆರಿದ ಮೇಲೆ ಕಂಪನಿಯವನು ಪೆನ್ಸಿಲು ಹಿಡಿದು ಬಂದ. ಹುಬ್ಬು ಗಂಟಾಗಿತ್ತು. "ಅಲ್ಲಿ ಏನೋ ಎಡವಿದ ಹಾಗಿತ್ತಲ್ಲ? ಇರಲಿ, ಇದರ ಹೆಸರೇನು?"

ಅದು ಆನ್ಸೆಲ್ ಮತ್ತು ಲೂರಾರ ಅಪ್ಪ ಬಾರಿಸುತ್ತಿದ್ದ ರಾಗ. ಅದಕ್ಕೆ ಗಿರಣಿ ಕಾಲುವೆ ಎಂದು ಹೆಸರಿತ್ತು, ಇಡೀ ದಿಣ್ಣೆ ಅದಕ್ಕೆ ಕುಣಿದಿತ್ತು. ಆನ್ಸೆಲ್ ಒಂದು ಗಳಿಗೆ ಹೋಬರ್ಟನ ಬೂಟಿನ ಕಡೆ ನೋಡಿದ.

"ಕುಂಟ ಹೇಸರಗತ್ತೆ," ಎಂದ.

ವೈಲಿ ಗೊಳ್ಳೆಂದು ನಕ್ಕ. ಆ ನಗು ಹೋಬರ್ಟನ ಎದೆಯಲ್ಲಿ ಮುಳ್ಳು ಮುರಿದ ಹಾಗೆ ನಿಂತುಬಿಟ್ಟಿತು. ಅಂಗಡಿಗೆ ರೆಕಾರ್ಡು ಬಂದಾಗ ಅದರ ನಡುವಿನ ಕಾಗದದ ಮೇಲೆ ಆ ಹೆಸರು ಅಚ್ಚಾಗಿತ್ತು. ಅದೇ ವರ್ಷ ಕಂಪನಿಯಿಂದ ಮತ್ತೆ ಕಾಗದ ಬಂದಾಗ ಆನ್ಸೆಲ್, "ಕೋಸಿನ ಕಟಾವಿದೆ, ನೋಡೋಣ," ಎಂದಷ್ಟೇ ಹೇಳಿದ. ಹೋಬರ್ಟ್ ಮನೆಗೆ ಬಂದು ಬ್ಯಾಂಜೋವನ್ನು ಅಟ್ಟಕ್ಕೆ ಹಾಕಿದ.

ಜಗಳವೇನೂ ಆಗಲಿಲ್ಲ. ಹಂದಿ ಕೊಯ್ಯುವ ದಿನ ಒಬ್ಬರಿಗೊಬ್ಬರು ಆದರು. ವೈಲಿಯ ಗುಂಡಿಯನ್ನು ಇಬ್ಬರೂ ಸೇರಿ ತೋಡಿದರು. ಹಸು, ಹಿಮ, ಮೊಣಕಾಲು ನೋವು, ಎಲ್ಲದರ ಮಾತೂ ಬಂತು. ಪಿಟೀಲಿನ ಮಾತು ಮಾತ್ರ ಬರಲಿಲ್ಲ. ಸಂಜೆ ಗಾಳಿ ಈ ಕಡೆ ಬೀಸಿದರೆ ದಿಣ್ಣೆಯಾಚೆಯಿಂದ ಆನ್ಸೆಲ್ ಒಬ್ಬನೇ ಬಾರಿಸುವುದು ಕೇಳುತ್ತಿತ್ತು. ಹೋಬರ್ಟ್ ಎದ್ದು ಕಿಟಕಿ ಹಾಕುತ್ತಿದ್ದ. ಹಾಕಿದ ಮೇಲೆ ಕಿಟಕಿಯ ಹತ್ತಿರವೇ ನಿಲ್ಲುತ್ತಿದ್ದ. ಸಾಯುವ ಮುಂಚೆ ಒಂದು ಸಲ, ಭಾವನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು ಬಾರಿಸಬೇಕು ಎಂಬುದನ್ನು ಬಿಟ್ಟರೆ ಅವನಿಗೆ ಈ ಲೋಕದಿಂದ ಬೇರೇನೂ ಬೇಕಾಗಿರಲಿಲ್ಲ.

ಈಗ ಕೆಸ್ಲರನ ಕಾಗದ ಬಂದಿತ್ತು. ಶನಿವಾರ ಬರುತ್ತೇನೆ, ಇಬ್ಬರೂ ಒಟ್ಟಿಗೆ ಸಿಗಬೇಕು, ಸಾಧ್ಯವಾದರೆ ಬಾರಿಸಬೇಕು, ಎರಡನೆಯ ಮುದ್ರಣದಲ್ಲಿ ಆ ಪೆಟ್ಟಿನ ಮೂಲವನ್ನು ಬರೆಯಬೇಕೆಂದಿದ್ದೇನೆ. ಆ ಕೊನೆಯ ಸಾಲೇ ಹೋಬರ್ಟನ ನಿದ್ದೆ ಕೆಡಿಸಿದ್ದು. ಆನ್ಸೆಲ್ ಸುಳ್ಳು ಹೇಳುವ ಮನುಷ್ಯನಲ್ಲ. ಹಸು ಕೊಳ್ಳಲು ಬಂದವನಿಗೆ, ಎಡಗಡೆ ಕೂತರೆ ಒದೆಯುತ್ತದೆ ಎಂದು ತಾನೇ ಮುಂದಾಗಿ ಹೇಳಿ ವ್ಯಾಪಾರ ಕೆಡಿಸಿಕೊಂಡವನು. ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾನೆ: ಇವನ ಕಾಲು ತಪ್ಪಿತು, ನಾನು ಸುಧಾರಿಸಿದೆ. ಅದನ್ನು ಇನ್ನೊಬ್ಬರ ಬಾಯಿಂದ ಕೇಳಿಸಿಕೊಳ್ಳುವುದಕ್ಕಿಂತ ತಾನೇ ಹೇಳಿಬಿಡುವುದು ವಾಸಿ.

"ಅಣ್ಣನ್ನ ನೀವೇ ಹೋಗಿ ಕೇಳಿ," ಎಂದಳು ಲೂರಾ. "ನಾನು ಹೇಳಿಕಳಿಸಲ್ಲ. ಅರವತ್ತೊಂಬತ್ತು ವರ್ಷ ಆಯ್ತು ನಿಮಗೆ, ಇನ್ನೂ ಮಾತಾಡೋಕೆ ಹೆಂಡತಿ ಬೇಕಾ?"

"ಕೇಳ್ತೀನಿ."

"ಯಾವಾಗ? ಅವನ ತಿಥಿ ಊಟದಲ್ಲಾ?"

ಮರುದಿನ ಹೋಬರ್ಟ್ ದಿಣ್ಣೆ ದಾಟಿ ಹೋದ. ಎಪ್ಪತ್ತನಾಲ್ಕು ವರ್ಷದ ಆನ್ಸೆಲ್ ಕೋಸಿನ ಸಾಲಿನಲ್ಲಿ ಬಗ್ಗಿ, ಗೆಡ್ಡೆಯ ಬುಡಕ್ಕೆ ಕತ್ತಿ ಹಾಕಿ, ಒಂದೇ ತಿರುವಿಗೆ ಬಿಡಿಸಿ ಮೂಟೆಗೆ ಎಸೆಯುತ್ತಿದ್ದ. ತಲೆ ಎತ್ತದೆಯೇ ಮಾತಾಡಿಸಿದ.

"ಬಾ. ಕೈ ಖಾಲಿ ಇದ್ರೆ ಮೂಟೆ ಹಿಡಿ."

ಹೋಬರ್ಟ್ ಮೂಟೆಯ ಬಾಯಿ ಹಿಡಿದ. ಒಂದು ಸಾಲು ಮುಗಿಯಿತು. ಇನ್ನೊಂದು ಅರ್ಧಕ್ಕೆ ಬಂತು.

"ಆ ನ್ಯೂಯಾರ್ಕಿನ ಹುಡುಗ ಶನಿವಾರ ಬರ್ತಾನಂತೆ ಭಾವ."

"ನಂಗೂ ಬರೆದಿದ್ದ."

"ಬಾರಿಸಬೇಕಂತೆ."

"ಹೂಂ."

"ನೀನು ಬೇಡ ಅಂದ್ರೆ ಬರೆದು ಹಾಕ್ತೀನಿ."

ಆನ್ಸೆಲ್ ನೆಟ್ಟಗಾಗಿ ಸೊಂಟಕ್ಕೆ ಕೈ ಕೊಟ್ಟು ನಿಂತ. "ನಿನ್ನ ಬ್ಯಾಂಜೋ ಮುಖಕ್ಕೆ ಚರ್ಮ ಉಳಿದಿದೆಯಾ?"

"ಇಲಿ ತಿಂದಿದೆ."

"ಹಂಗಾದ್ರೆ ಇವತ್ತೇ ಹೊಸದು ಬಿಗಿ. ಒಣಗೋಕೆ ಒಂದು ದಿನವಾದ್ರೂ ಬೇಕು," ಎಂದು ಹೇಳಿ ಆನ್ಸೆಲ್ ಮತ್ತೆ ಬಗ್ಗಿದ.

ಹೋಬರ್ಟ್ ಅಂದೇ ಕರುವಿನ ಚರ್ಮ ನೆನೆಹಾಕಿ ಬಿಗಿದ. ಉಳಿದ ದಿನಗಳಲ್ಲಿ ಕೊಟ್ಟಿಗೆಯಲ್ಲಿ ಕೂತು, ಹಲಗೆ ನೆಲವನ್ನು ಕಾಲಿನಿಂದ ಗುದ್ದುತ್ತಾ, ಮಾವ ಬಾರಿಸುತ್ತಿದ್ದ ಹಾಗೆ ರಾಗವನ್ನು ನೆಟ್ಟಗೆ ಅಭ್ಯಾಸ ಮಾಡಿದ. ಬೆರಳು ಮೊದಮೊದಲು ಒಣಗಿದ ಕಡ್ಡಿಯ ಹಾಗಿದ್ದವು, ಶುಕ್ರವಾರದ ಹೊತ್ತಿಗೆ ಸುಮಾರಾಗಿ ಬಂದವು. ಕೊನೆಗೆ ಬಂದು ನಿಲ್ಲಬೇಕಾದಲ್ಲಿ ಹೆಬ್ಬೆರಳು ನಿಂತಿತು. ಹೆಚ್ಚಿನ ಪೆಟ್ಟು ಇರಲಿಲ್ಲ. ನಿಜ ಹೇಳಬೇಕು, ಆಮೇಲೆ ಸರಿಯಾಗಿ ಬಾರಿಸಿ ತೋರಿಸಬೇಕು ಎಂದುಕೊಂಡ.

ಶನಿವಾರ ಮಧ್ಯಾಹ್ನ ಆನ್ಸೆಲನ ಮನೆಯ ಜಗಲಿಯ ಮೇಲೆ ನಾಲ್ಕು ಕುರ್ಚಿ ಬಿದ್ದವು. ಕೆಸ್ಲರ್ ಗಡ್ಡದ ತೆಳ್ಳನೆಯ ಯುವಕ. ಹಗುರವಾಗಿ ಹೆಜ್ಜೆ ಇಡುತ್ತಿದ್ದ, ಚರ್ಚಿನೊಳಕ್ಕೆ ತಡವಾಗಿ ಬಂದವನ ಹಾಗೆ. ಅವನು ಧ್ವನಿ ಮುದ್ರಿಸುವ ಯಂತ್ರ ಜೋಡಿಸುವಷ್ಟರಲ್ಲಿ ಲೂರಾ ಒಣಸೇಬಿನ ಹೂರಣ ಹಾಕಿ ಏಳು ಪದರ ಪೇರಿಸಿದ ಕೇಕನ್ನು ಕತ್ತರಿಸತೊಡಗಿದಳು.

"ತಿನ್ನು ತಮ್ಮಾ. ನ್ಯೂಯಾರ್ಕಲ್ಲಿ ಯಾರೂ ಊಟ ಹಾಕಲ್ವಾ ನಿಂಗೆ?"

"ಹಾಕ್ತಾರೆ ಅಮ್ಮಾ, ಇಂಥದ್ದಲ್ಲ," ಎಂದ ಕೆಸ್ಲರ್. ಆಮೇಲೆ ಆನ್ಸೆಲ್ ಕಡೆ ತಿರುಗಿದ. "ನಿಮಗೆ ಗೊತ್ತಿಲ್ಲ ಬೋಲ್ಟ್ ಅವರೇ, ನಮ್ಮ ಕಡೆ ಎಷ್ಟು ಜನ ನಿಮ್ಮ ರಾಗ ಕಲೀತಿದ್ದಾರೆ ಅಂತ. ಬಾಸ್ಟನ್‌ನಲ್ಲಿ ಒಂದು ಮನೇಲಿ ಆ ಒಂದು ಪೆಟ್ಟಿನ ಬಗ್ಗೆ ಮೂರು ಗಂಟೆ ವಾದ ಮಾಡಿದ್ರು. ಕಾಗದದ ಮೇಲೆ ಗೆರೆ ಎಳೆದು ಎಣಿಸಿದ್ರು."

"ಅವರಿಗೆ ಹಸು ಕರು ಇಲ್ವಾ?" ಎಂದ ಆನ್ಸೆಲ್.

"ಇಲ್ಲ."

"ಪಾಪ."

ಕೆಸ್ಲರ್ ನಕ್ಕು ಪುಸ್ತಕ ಬಿಚ್ಚಿದ. ಯಂತ್ರದ ಚಕ್ರಗಳು ತಿರುಗತೊಡಗಿದವು. "ನೀವು ಆಮೇಲೆ ಯಾಕೆ ಮತ್ತೆ ರೆಕಾರ್ಡ್ ಮಾಡಲಿಲ್ಲ?"

ಹೋಬರ್ಟ್ ತನ್ನ ಬೂಟಿನ ತುದಿ ನೋಡಿದ.

"ಇವನು ಬ್ಯಾಂಜೋ ಅಟ್ಟಕ್ಕೆ ಹಾಕಿದ," ಎಂದ ಆನ್ಸೆಲ್, ಹವೆಯ ಮಾತಾಡುವ ದನಿಯಲ್ಲಿ. "ಯಾಕೆ ಅಂತ ನಾನು ಕೇಳಲಿಲ್ಲ. ಅವನದು ಅವನಿಷ್ಟ. ಬೇರೆ ಬ್ಯಾಂಜೋದವರ ಜೊತೆ ಒಂದೆರಡು ಸಲ ಕೂತು ನೋಡಿದೆ. ಸರಿಹೋಗಲಿಲ್ಲ."

"ಏನು ಸರಿಹೋಗಲಿಲ್ಲ?"

"ನಾನು ಕಾಯೋ ಕಡೆ ಅವರು ಬರ್ತಿರಲಿಲ್ಲ."

ಕೆಸ್ಲರ್ ಬರೆದುಕೊಂಡ. ಪೆನ್ನು ಎತ್ತಿದ. "ಅದನ್ನೇ ಕೇಳಬೇಕು ಅಂತ ಬಂದೆ. ಆ ಪೆಟ್ಟು. ಅದು ಎಲ್ಲಿಂದ ಬಂತು?"

ಹೋಬರ್ಟ್ ಬ್ಯಾಂಜೋವನ್ನು ತೊಡೆಗೆ ಒರಗಿಸಿಕೊಂಡು, "ಅದು ಏನಾಯ್ತು ಅಂದ್ರೆ," ಎಂದು ಶುರು ಮಾಡಿದ.

"ನಮ್ಮಪ್ಪನ ಹತ್ರ ಒಂದು ಹೇಸರಗತ್ತೆ ಇತ್ತು," ಎಂದ ಆನ್ಸೆಲ್.

ಲೂರಾಳ ಚಾಕು ಕೇಕಿನ ನಾಲ್ಕನೆಯ ಪದರದಲ್ಲಿ ನಿಂತಿತು. ಬೋಲ್ಟ್ ಮನೆತನದಲ್ಲಿ ಎಳೆಮಕ್ಕಳಿಗೂ ಗೊತ್ತಿದ್ದ ವಿಷಯ: ಆ ಮುದುಕ ಸಾಯುವ ತನಕ ಎತ್ತು ಹೂಡಿಯೇ ಉತ್ತವನು, ಹೇಸರಗತ್ತೆಯನ್ನು ಕಂಡರೆ ಆಗದವನು. ಅದನ್ನು ಸಾಕುವ ಬದಲು ನಾನೇ ನೊಗಕ್ಕೆ ಹೆಗಲು ಕೊಡುತ್ತೇನೆ ಎನ್ನುತ್ತಿದ್ದ.

ಆನ್ಸೆಲ್ ಯಾರನ್ನೂ ನೋಡಲಿಲ್ಲ. ಪಿಟೀಲಿನ ಬಿರಡೆ ತಿರುಗಿಸುತ್ತಾ, ಒಂದೊಂದೇ ಮಾತು ಜೋಡಿಸಿದ. ಅಭ್ಯಾಸವಿಲ್ಲದವನು ಕಲ್ಲುಗೋಡೆ ಕಟ್ಟಿದ ಹಾಗಿತ್ತು.

"ಹಿಂದಿನ ಕಾಲೊಂದು ಕುಂಟು. ಮೂರು ಹೆಜ್ಜೆ ಸರಿಯಾಗಿ ಇಡೋದು. ನಾಲ್ಕನೇದಕ್ಕೆ ಒಂಚೂರು ಕಾಯಬೇಕು. ಬೇರೆಯವರಾಗಿದ್ರೆ ಹೊಡೆದು ಓಡಿಸೋರು. ನಮ್ಮಪ್ಪ ಕಾಯ್ತಿದ್ದ. ಒಳ್ಳೇ ಪ್ರಾಣಿ ಅದು, ಕೆಲಸದಲ್ಲಿ ಅದರಂಥದ್ದು ಇನ್ನೊಂದಿರಲಿಲ್ಲ. ಕಾದರೆ ಏನು ಗಂಟು ಹೋಗತ್ತೆ ಅನ್ನೋನು. ಹಂಗೆ ಕಾದು ಕಾದು, ಬಾರಿಸೋವಾಗಲೂ ಅದೇ ನಡಿಗೆ ಬಂತು."

ಕೆಸ್ಲರನ ಪೆನ್ನು ಓಡುತ್ತಿತ್ತು. ಮುಖ ಹಣತೆಯ ಹಾಗೆ ಬೆಳಗಿತ್ತು. "ಅದರ ಹೆಸರೇನು?"

"ಯಾವುದರದು?"

"ಹೇಸರಗತ್ತೆಯದು."

ಆನ್ಸೆಲ್ ಇದಕ್ಕೆ ತಯಾರಾಗಿರಲಿಲ್ಲ. ಎಪ್ಪತ್ತನಾಲ್ಕು ವರ್ಷದಲ್ಲಿ ಕಷ್ಟಪಟ್ಟು ಒಂದು ಸುಳ್ಳು ಕಟ್ಟಿದ್ದ. ಎರಡನೆಯದಕ್ಕೆ ಅವನ ಹತ್ತಿರ ಸಾಮಗ್ರಿ ಇರಲಿಲ್ಲ. ಅವನು ತಂಗಿಯ ಕಡೆ ನೋಡಿದ.

"ಟ್ರೂಡಿ," ಎಂದಳು ಲೂರಾ. ಚಾಕು ಉಳಿದ ಮೂರು ಪದರಗಳನ್ನು ಇಳಿದು ತಟ್ಟೆ ಮುಟ್ಟಿತು. "ಟ್ರೂಡಿ ಅಂತ. ಕಣ್ಣು ಮಾತ್ರ ಚೆನ್ನಾಗಿತ್ತು. ಇನ್ನೊಂದು ತುಂಡು ಹಾಕ್ತೀನಿ ತಮ್ಮಾ, ತಟ್ಟೆ ಇತ್ತ ಕೊಡು."

ಹೋಬರ್ಟ್ ಬ್ಯಾಂಜೋದ ಕತ್ತನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದ. ಇವತ್ತಿನ ಸುಳ್ಳು ಅರ್ಥವಾಗುವುದಕ್ಕೆ ಹೊತ್ತು ಬೇಕಾಗಲಿಲ್ಲ. ಆದರೆ ಅದರ ಹಿಂದೆ ಇನ್ನೊಂದಿತ್ತು, ಅದು ನಿಧಾನವಾಗಿ ಮೇಲೆ ಬಂತು. ಕೌದಿ ಹೊದಿಸಿದ ಆ ಕೋಣೆ. ಹುಬ್ಬು ಗಂಟಿಕ್ಕಿದ್ದ ಕಂಪನಿಯವನು, ಅಲ್ಲಿ ಏನೋ ಎಡವಿದ ಹಾಗಿತ್ತಲ್ಲ ಎಂದ ಮಾತು. ಗಿರಣಿ ಕಾಲುವೆ ಎಂದಿದ್ದರೆ ಅದು ಎಡವಿದ ಗಿರಣಿ ಕಾಲುವೆಯಾಗುತ್ತಿತ್ತು, ಬ್ಯಾಂಜೋದವನು ಯಾರು ಎಂದು ಕೇಳುತ್ತಿದ್ದರು. ಕುಂಟ ಹೇಸರಗತ್ತೆ ಎಂದ ಮೇಲೆ ಯಾರೂ ಏನೂ ಕೇಳಲಿಲ್ಲ. ಕುಂಟು ಪ್ರಾಣಿ ಕುಂಟಬೇಕಾದ್ದೇ. ಕಂಪನಿಯವನು ಹೂಂಗುಟ್ಟಿ ಬರೆದುಕೊಂಡು ಹೋದ. ವೈಲಿ ನಕ್ಕ ಸದ್ದಿನಲ್ಲಿ ತನಗೆ ಮಿಕ್ಕಿದ್ದೇನೂ ಕೇಳಿಸಿರಲಿಲ್ಲ.

"ಬಾರಿಸೋಣವಾ?" ಎಂದ ಆನ್ಸೆಲ್. ಕುರ್ಚಿಯನ್ನು ಎಳೆದು ಹತ್ತಿರ ತಂದ. ಮೊಣಕಾಲಿಗೆ ಮೊಣಕಾಲು ತಾಗಿತು.

ಮೊದಲ ಭಾಗ ಎರಡು ಸಲ ಹೋಯಿತು. ಆನ್ಸೆಲನ ಕಮಾನು ಮುಂಚಿನಷ್ಟು ಉದ್ದ ಎಳೆಯುತ್ತಿರಲಿಲ್ಲ, ನಡುವೆ ದನಿ ಬಿರುಕುಬಿಡುತ್ತಿತ್ತು. ಆದರೂ ಅದು ಅವನದೇ, ನಾಯಿ ಕೂಡ ಗುರುತು ಹಿಡಿಯುವಂಥದ್ದು. ಹೋಬರ್ಟನ ಕಾಲು ಜಗಲಿಯ ಹಲಗೆಯನ್ನು ಗುದ್ದುತ್ತಿತ್ತು. ಎರಡನೆಯ ಭಾಗದ ಕೊನೆ ಬಂತು. ನಾಲ್ಕು ದಿನ ಕೊಟ್ಟಿಗೆಯಲ್ಲಿ ಕಲಿಸಿದ ಕೈ ನೆಟ್ಟಗೆ ಹೋಗಿ ನಿಂತು, ಮುಂದಿನ ಸುತ್ತಿಗೆ ಹಾರಿತು. ಪಿಟೀಲು ಹಾರಲಿಲ್ಲ. ಅದು ಅಲ್ಲೇ, ಒಂದು ಪೆಟ್ಟಿನಷ್ಟು, ತೆರೆದ ಬಾಗಿಲನ್ನು ಹಿಡಿದು ನಿಂತವರ ಹಾಗೆ ನಿಂತಿತ್ತು. ಇಬ್ಬರೂ ಎಡವಿದರು. ಕೆಸ್ಲರ್ ತಲೆ ಎತ್ತಿದ.

ಆನ್ಸೆಲ್ ನಿಲ್ಲಿಸಲಿಲ್ಲ. ತುಸು ಬಗ್ಗಿ, ಕಮಾನಿನ ಸದ್ದಿನ ಕೆಳಗೆ ಹೇಳಿದ: "ಅವಸರ ಏನು? ಎಲ್ಲಿಗೆ ಹೋಗ್ಬೇಕು ನಿಂಗೆ?"

ಮೊದಲ ಭಾಗ ಮತ್ತೆ ಬಂತು, ಎರಡನೆಯದು ಬಂತು. ಕೊನೆ ಹತ್ತಿರವಾದಂತೆ ಹೋಬರ್ಟ್ ಅಭ್ಯಾಸವನ್ನೆಲ್ಲ ಬಿಟ್ಟುಬಿಟ್ಟ. ಪಿಟೀಲು ಕಾದಿತು. ನಲವತ್ತೈದು ವರ್ಷ, ಗಾಳಿ ಬೀಸಿದ ಸಂಜೆಗಳಲ್ಲೆಲ್ಲ ಅದು ದಿಣ್ಣೆಯಾಚೆ ಹೀಗೇ ಕಾದಿರಬೇಕು. ಕಿಟಕಿ ಹಾಕಿದ್ದರಿಂದ ಅವನಿಗೆ ಅಷ್ಟು ಮಾತ್ರ ಕೇಳಿಸಿರಲಿಲ್ಲ. ಹೆಬ್ಬೆರಳು ಗಿಡ್ಡ ತಂತಿಯನ್ನು ಎಳೆಯಿತು. ಪೆಟ್ಟು ಬಿದ್ದ ಜಾಗ ಸರಿಯಾಗಿತ್ತು. ಆನ್ಸೆಲನ ಕಮಾನು ಅದರ ಮೇಲಿನಿಂದ ಹಾದು ಮುಂದಕ್ಕೆ ಹೋಯಿತು, ಲೂರಾ ಏಪ್ರನ್ನಿನ ತುದಿಯಿಂದ ಮೂಗು ಒರೆಸಿಕೊಂಡು, "ಈ ನೊಣಗಳು ಒಂದು," ಎಂದಳು.

ಏಳು ಸುತ್ತು ಬಾರಿಸಿದರು. ಯಂತ್ರದ ಸುರುಳಿ ಮುಗಿದು ಬಾಲ ಪಟಪಟ ಹೊಡೆದುಕೊಳ್ಳುತ್ತಿದ್ದರೂ ಕೆಸ್ಲರ್ ಏಳಲಿಲ್ಲ.

"ಬುಧವಾರ ಸಂಜೆ ಬಾ," ಎಂದ ಆನ್ಸೆಲ್, ಹೋಬರ್ಟ್ ಹೊರಡುವಾಗ. "ಆ ನಿನ್ನ ಎರಡನೇ ತಂತಿ ಸತ್ತಿದೆ. ಬದಲಾಯಿಸ್ಕೊಂಡು ಬಾ."

"ಬರ್ತೀನಿ ಭಾವ."

ಆ ಬುಧವಾರ ಹೋದ, ಅದರ ಮುಂದಿನ ಬುಧವಾರವೂ. ಹಿಮ ಬಿದ್ದ ವಾರಗಳನ್ನು ಬಿಟ್ಟರೆ ಐದು ವರ್ಷ ಹೋದ. ಕಾಲೇಜುಗಳಿಂದ ಬಂದ ಹುಡುಗ ಹುಡುಗಿಯರು ಜಗಲಿಯ ಮೆಟ್ಟಿಲ ಮೇಲೆ ಕೂತು, ಆ ಜಾಗ ಬಂದಾಗ ಉಸಿರು ಹಿಡಿದು ತಲೆ ಆಡಿಸುತ್ತಿದ್ದರು. ಎರಡನೆಯ ಮುದ್ರಣದ ಲಕೋಟೆಯ ಮೇಲೆ ಟ್ರೂಡಿಯ ಕಥೆ ಅಚ್ಚಾಯಿತು, ಅದನ್ನು ಓದಿದವರು ಕೇಳಿದರೆ ಲೂರಾ ಆ ಪ್ರಾಣಿಯ ಬಣ್ಣವನ್ನೂ ಹೇಳುತ್ತಿದ್ದಳು. ಆನ್ಸೆಲ್ ಮತ್ತು ಹೋಬರ್ಟ್ ತಂತಿಯ ಬಗ್ಗೆ, ಬೆರಳುಗಳ ಬಗ್ಗೆ, ಯಾವ ರಾಗವನ್ನು ಯಾರಿಂದ ಕಲಿತೆವೆಂಬುದರ ಬಗ್ಗೆ ಬಹಳ ಮಾತಾಡಿದರು. ಆ ಪೆಟ್ಟು ತನ್ನ ತಪ್ಪು ಎಂದಾಗಲಿ, ಆ ಹೆಸರನ್ನು ಅಷ್ಟು ವರ್ಷ ತನಗೆ ಇಟ್ಟ ಬೈಗುಳವೆಂದು ತಿಳಿದಿದ್ದೆ ಎಂದಾಗಲಿ ಹೋಬರ್ಟ್ ತನ್ನ ಭಾವನಿಗೆ ಯಾವತ್ತೂ ಹೇಳಲಿಲ್ಲ.